ಲಾರಿಗೆ ಹೊಸ ಸೆಟ್ಟು ಹಾಕಿಸುವಾಗ

ಗೆಳೆಯರೇ, ನಮ್ಮ ಮಾವ ಲಾರಿ ಓಡಿಸುತ್ತಾರೆ ಅಂತ ನಿಮಗೆಲ್ಲಾ ಗೊತ್ತು. ಹಿರಿಯೂರು ಕಡೆಯ ಈರುಳ್ಳಿ ಹೇರಿಕೊಂಡು ರಾತ್ರಿ ಹೊರಟರೆ ಬೆಳಗಿನ ಜಾವಕ್ಕೆ ಬೆಂಗಳೂರು ಮಾರ್ಕೆಟ್ಟು ಮುಟ್ಟಬೇಕು. ಲಾರಿಯ ಜೊತೆಯಲ್ಲೇ ಬಂದಿದ್ದ ಸೆಟ್ಟಿಗೆ ಎರಡೇ ಸ್ಪೀಕರ್. ಇಂಜಿನ್ ಸದ್ದಿನಲ್ಲಿ ಹಾಡು ಕೇಳುತ್ತಲೇ ಇರಲಿಲ್ಲ. ಜೋರು ಮಾಡೀ ಮಾಡೀ ಸ್ಪೀಕರಿನ ಕಾಗದ ಹರಿದು ಗರ್ ಗರ್ ಅನ್ನುತ್ತಿತ್ತು. ಅದಕ್ಕೆ ಹೋದ ಗಣಪತಿ ಹಬ್ಬದಲ್ಲಿ ಮಾವ ಹೊಸ ಸೆಟ್ಟು, ನಾಲ್ಕು ಸ್ಪೀಕರ್ ತಂದರು. ಪೆನ್‌ಡ್ರೈವ್, ಬ್ಲೂಟೂತ್ ಎಲ್ಲಾ ಇತ್ತು. ರೋಡಿನ ಪಕ್ಕದ ಒಂದು ಅಂಗಡಿಯವನು ಒಂದೇ ಗಂಟೆಯಲ್ಲಿ ಫಿಟ್ ಮಾಡಿಕೊಟ್ಟ. ಹಾಡು ಎಷ್ಟು ಚೆನ್ನಾಗಿ ಬಂತು ಅಂದರೆ ಮಾವ ಅವನಿಗೆ ಟೀ ಕುಡಿಸಿದರು. ನನಗೂ ಬನ್ನು ಕೊಡಿಸಿದರು.

ಒಂದೂವರೆ ತಿಂಗಳು ಕಳೆಯಿತು. ಒಂದು ರಾತ್ರಿ ಲೋಡು ಹೇರಿ ನಿಂತಿದ್ದ ಲಾರಿ ಸ್ಟಾರ್ಟೇ ಆಗಲಿಲ್ಲ. ಟಕ್ ಅಂತ ಸದ್ದು, ಅಷ್ಟೇ. ಮಳೆ ಬೇರೆ ಬರುತ್ತಿತ್ತು. ಬೇರೆ ಲಾರಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡುವಷ್ಟರಲ್ಲಿ ಬೆಳಕು ಹರಿಯಿತು. ತಡವಾಗಿ ಹೋದ ಈರುಳ್ಳಿಗೆ ಆವತ್ತು ಒಳ್ಳೆ ರೇಟು ಸಿಗಲಿಲ್ಲ. ಈರುಳ್ಳಿ ಬೆಳೆದವರು ನಮ್ಮ ಊರಿನವರೇ. ಮಾವ ಅವರ ಮುಖ ನೋಡಲಾರದೆ ಎರಡು ದಿನ ಮನೆಯಲ್ಲೇ ಇದ್ದರು. ಅಜ್ಜಿ ಮಾತ್ರ ಆ ಸೆಟ್ಟನ್ನ ಕಿತ್ತು ಬಿಸಾಡು ಅಂತ ಬೈದರು.

ಬ್ಯಾಟರಿ ಅಂಗಡಿಯ ತಾತ ಒಬ್ಬರು ಬಂದು ಮುಚ್ಚಳ ತೆಗೆದು ನೋಡಿ, "ನಿನ್ನ ಹಾಡೇ ಬ್ಯಾಟ್ರಿ ತಿಂದಿರೋದು ಕಣಪ್ಪಾ" ಅಂದರು. ಹಾಡು ಬ್ಯಾಟರಿ ತಿನ್ನುವುದು ಹೇಗೆ? ಅವರು ಹೇಳಿದ್ದನ್ನೂ, ಆಮೇಲೆ ನಾನು ವಿಜ್ಞಾನ ಮೇಷ್ಟ್ರನ್ನು ಕೇಳಿ ತಿಳಿದಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಕಾರಿಗೆ 12 ವೋಲ್ಟಿನ ಒಂದು ಬ್ಯಾಟರಿ ಇರುತ್ತೆ. ದೊಡ್ಡ ಲಾರಿಗೆ ಅಂಥವೇ ಎರಡು. ಟಾರ್ಚಿನಲ್ಲಿ ಸೆಲ್ಲುಗಳನ್ನು ಒಂದರ ಹಿಂದೆ ಒಂದು ಹಾಕುತ್ತೀವಲ್ಲ, ಹಾಗೆ ಸರಣಿಯಲ್ಲಿ ಜೋಡಿಸಿರುತ್ತಾರೆ. 12 ಕೂಡಿಸು 12, ಒಟ್ಟು 24 ವೋಲ್ಟು. ಆದರೆ ಅಂಗಡಿಯಲ್ಲಿ ಸಿಗುವ ಸೆಟ್ಟುಗಳು ಹೆಚ್ಚಾಗಿ ಕಾರಿನವು, ಅವಕ್ಕೆ 12 ವೋಲ್ಟೇ ಬೇಕು. 24ಕ್ಕೆ ಕೊಟ್ಟರೆ ಸುಟ್ಟುಹೋಗುತ್ತೆ. ಅದಕ್ಕೆ ಆ ಅಂಗಡಿಯವನು ಸುಲಭದ ದಾರಿ ಹಿಡಿದಿದ್ದ. ಎರಡು ಬ್ಯಾಟರಿಯ ನಡುವಿನಿಂದ ವೈರ್ ಎಳೆದು ಒಂದೇ ಬ್ಯಾಟರಿಯ ಕರೆಂಟು ಸೆಟ್ಟಿಗೆ ಕೊಟ್ಟಿದ್ದ.

ಒಂದೇ ನೊಗದ ಎರಡು ಎತ್ತಿನಲ್ಲಿ ಒಂದನ್ನು ಮಾತ್ರ ರಾತ್ರಿಯೂ ಗಾಣಕ್ಕೆ ಕಟ್ಟಿದ ಹಾಗಾಯಿತು ಇದು. ಸೆಟ್ಟಿಗೆ ಕೊಟ್ಟ ಬ್ಯಾಟರಿ ದಿನಾ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತೆ, ಇನ್ನೊಂದು ತುಂಬಿಕೊಂಡೇ ಇರುತ್ತೆ. ಇಂಜಿನ್ ಓಡುವಾಗ ಆಲ್ಟರ್ನೇಟರು (ಡ್ರೈವರುಗಳು ಡೈನಮೋ ಅಂತಾರೆ) ಎರಡಕ್ಕೂ ಸೇರಿಸಿ ಸುಮಾರು 28 ವೋಲ್ಟಿನಲ್ಲಿ ಚಾರ್ಜ್ ಮಾಡುತ್ತೆ. 14-14 ಅಂತ ಸಮಪಾಲು ಆಗಬೇಕು. ಆದರೆ ಖಾಲಿಯಾದದ್ದು 14ಕ್ಕೆ ಏರುವುದಿಲ್ಲ, ಆವಾಗ ತುಂಬಿದ್ದರ ಪಾಲಿಗೆ 14ಕ್ಕಿಂತ ಹೆಚ್ಚು ಬೀಳುತ್ತೆ. ಅದರೊಳಗಿನ ನೀರು ಗ್ಯಾಸಾಗಿ ಆರಿಹೋಗುತ್ತೆ. ಒಂದು ಹಸಿದು ಕೆಟ್ಟಿತು, ಇನ್ನೊಂದು ಹೊಟ್ಟೆಬಿರಿಯ ಉಂಡು ಕೆಟ್ಟಿತು. ಹೊಸ ಬ್ಯಾಟರಿ ಎರಡಕ್ಕೆ ಕೊಟ್ಟ ದುಡ್ಡಿನಲ್ಲಿ ನಾಲ್ಕೈದು ಸೆಟ್ಟು ಬರುತ್ತಿತ್ತು ಅಂತ ಮಾವ ಈಗಲೂ ಹೇಳುತ್ತಾರೆ.

ಸರಿಯಾದ ದಾರಿ ಅಂದರೆ 24 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್. ಮೈಮೇಲೆ ಬಾಚಣಿಗೆ ಹಲ್ಲಿನ ಹಾಗೆ ಅಲ್ಯೂಮಿನಿಯಂ ಪಟ್ಟಿ ಇರುವ ಸಣ್ಣ ಡಬ್ಬಿ ಅದು. ಪಟ್ಟಿಗಳು ಶಾಖ ಹೊರಗೆ ಬಿಡುವುದಕ್ಕೆ. ಅದು ಎರಡು ಬ್ಯಾಟರಿಯಿಂದಲೂ ಸಮನಾಗಿ ಕರೆಂಟು ತಗೊಳ್ಳುತ್ತೆ. 24 ವೋಲ್ಟಿಗೇ ಮಾಡಿದ ಸೆಟ್ಟುಗಳೂ ಇವೆ, ಅವಕ್ಕೆ ಕನ್ವರ್ಟರ್ ಬೇಡ.

ಇನ್ನೊಂದು ತಮಾಷೆ. ನಮ್ಮ ಸೆಟ್ಟಿನ ಪೆಟ್ಟಿಗೆ ಮೇಲೆ 4 x 50 ವ್ಯಾಟ್ ಅಂತ ದೊಡ್ಡದಾಗಿ ಅಚ್ಚು ಹಾಕಿದ್ದರು, ಅಂದರೆ 200 ವ್ಯಾಟು. ಸೆಟ್ಟಿನ ಹಿಂದಿನ ಫ್ಯೂಸ್ ನೋಡಿದರೆ 10 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟು. 14 ಗುಣಿಸು 10, ಬಂದದ್ದು 140. ಒಳಗೆ ಹೋಗುವುದೇ 140 ಆದರೆ ಹೊರಗೆ 200 ಒಂದೇ ಸಮ ಬರುವುದು ಹೇಗೆ? ಒಂದು ಕ್ಷಣದ ಜೋರನ್ನು ಲೆಕ್ಕ ಹಿಡಿದು ಹೀಗೆ ಬರೆಯುತ್ತಾರಂತೆ. ಲೆಕ್ಕದ ಮೇಷ್ಟ್ರು ಇದನ್ನು ಕೇಳಿ ಬಹಳ ನಕ್ಕರು.

ಫ್ಯೂಸ್ ವಿಷಯ ಬಂತು. ಬ್ಯಾಟರಿಯಿಂದ ಬರುವ ವೈರಿಗೆ ಬ್ಯಾಟರಿಯ ಹತ್ತಿರವೇ ಇನ್ನೊಂದು ಫ್ಯೂಸ್ ಇರಬೇಕು. ಲಾರಿಯ ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹೋದರೆ ಅಲ್ಲೇ ಶಾರ್ಟ್ ಆಗುತ್ತೆ. ಫ್ಯೂಸ್ ಸೆಟ್ಟಿನ ಹಿಂದೆ ಮಾತ್ರ ಇದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ವೈರ್ ಕೆಂಪಗೆ ಕಾದು ಬೆಂಕಿ ಹತ್ತಬಹುದು. ಮಾವನ ಲಾರಿಯಲ್ಲಿ ಆ ಫ್ಯೂಸೂ ಇರಲಿಲ್ಲ! ಕ್ಲೀನರ್ ಅಣ್ಣ ಮಲಗುವುದು ಸರಿಯಾಗಿ ಆ ವೈರಿನ ಮೇಲಿನ ಸೀಟಿನಲ್ಲಿ.

ಇನ್ನು ಸ್ಪೀಕರು. ತಂತಿಯಲ್ಲಿ ಕರೆಂಟು ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುತ್ತೆ ಅಂತ 1820ರಲ್ಲಿ ಅರ್‌ಸ್ಟೆಡ್ ಕಂಡುಹಿಡಿದರು, ನಮ್ಮ ಪಾಠದಲ್ಲಿದೆ. ಸ್ಪೀಕರಿನೊಳಗೆ ನಡೆಯುವುದೂ ಅದೇ. ಕಾಗದದ ಬುಡಕ್ಕೆ ತಂತಿಯ ಸುರುಳಿ ಅಂಟಿಸಿರುತ್ತಾರೆ, ಅದರ ಸುತ್ತ ಅಯಸ್ಕಾಂತ. ಕರೆಂಟು ಹಿಂದೆ ಮುಂದೆ ಹರಿದಾಗ ಸುರುಳಿಯೂ ಹಿಂದೆ ಮುಂದೆ ಆಡಿ ಕಾಗದವನ್ನು ಅಲುಗಾಡಿಸುತ್ತೆ, ಗಾಳಿ ನಡುಗಿ ಹಾಡಾಗುತ್ತೆ. ಇಂಥ ಸ್ಪೀಕರಿನ ಬಗ್ಗೆ ರೈಸ್ ಮತ್ತು ಕೆಲಾಗ್ ಎಂಬುವರು ಅಮೆರಿಕದಲ್ಲಿ 1925ರಲ್ಲಿ ಲೇಖನ ಬರೆದರು.

ಸ್ಪೀಕರನ್ನು ಬರೀ ಗಾಳಿಯಲ್ಲಿ ಹಿಡಿದರೆ ಡೊಳ್ಳಿನಂಥ ದಪ್ಪ ಸದ್ದು ಬರುವುದಿಲ್ಲ. ಕಾಗದ ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದುಗಡೆ ಎಳೆಯುತ್ತೆ, ಎರಡೂ ಸೇರಿ ವಜಾ ಆಗುತ್ತೆ. ನಮ್ಮಜ್ಜ ಹಿಂದೆ ಗಡಿಗೆಯ ಬಾಯಿಗೆ ಸ್ಪೀಕರ್ ಕೂರಿಸಿದ್ದರಂತೆ. ನಾವು ಅದನ್ನು ನೆನೆದು ನಗುತ್ತಿದ್ದೆವು, ಆದರೆ ಅವರು ಮಾಡಿದ್ದು ಸರಿಯೇ. ಹಿಂದಿನ ಗಾಳಿ ಗಡಿಗೆಯೊಳಗೇ ಉಳಿಯುತ್ತಿತ್ತು. ಈಗ ಮಾವ ಸೀಟಿನ ಹಿಂದೆ ಪ್ಲೈವುಡ್ ಪೆಟ್ಟಿಗೆ ಮಾಡಿಸಿದ್ದಾರೆ.

ಎರಡು ಸ್ಪೀಕರಿನಲ್ಲಿ ಒಂದಕ್ಕೆ ವೈರ್ ಅದಲು ಬದಲಾದರೂ ಹೀಗೇ ಆಗುತ್ತೆ, ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತೆ. ತಾತ ಅದನ್ನು ಪರೀಕ್ಷೆ ಮಾಡಿದ್ದು ಒಂದು ಪೆನ್ಸಿಲ್ ಸೆಲ್ಲಿನಿಂದ. ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ಒಂದು ಕ್ಷಣ ಮುಟ್ಟಿಸಿದರೆ ಟಪ್ ಅಂತ ಕಾಗದ ಹೊರಗೆ ಬರುತ್ತೆ. ತಿರುಗಿಸಿ ಮುಟ್ಟಿಸಿದರೆ ಒಳಗೆ ಹೋಗುತ್ತೆ. ನೀವೂ ಮಾಡಬಹುದು. ಮನೆಯ 230 ವೋಲ್ಟಿನ ಪ್ಲಗ್ಗಿಗೆ ಮಾತ್ರ ಇಡಬೇಡಿ. ಮಾವನ ಲಾರಿಯ ಹಳೇ ಹರಿದ ಸ್ಪೀಕರ್ ಮೇಷ್ಟ್ರ ಮೇಜಿನ ಮೇಲಿದೆ. ಸೆಲ್ಲು ನೀವೇ ತರಬೇಕು.