ಮನೆಯಲ್ಲಿ ಮಕ್ಕಳಿಗೆ ವಿಶ್ವಾಸದ ಉಪದೇಶ

ಪಾಠಭಾಗ: ಧರ್ಮೋಪದೇಶಕಾಂಡ 6:4-9, 2 ತಿಮೊಥೆಯ 1:3-5 ಮತ್ತು 3:14-15.

ಮೋಶೆಯು ದೇವರ ಆಜ್ಞೆಗಳನ್ನು ಇಸ್ರಾಯೇಲ್ಯರಿಗೆ ತಿಳಿಸಿದಾಗ ಅವುಗಳನ್ನು ಮಕ್ಕಳಿಗೆ ಕಲಿಸುವ ಕೆಲಸವನ್ನು ಯಾಜಕರಿಗೆ ಮಾತ್ರ ಬಿಟ್ಟುಕೊಡದೆ ತಂದೆತಾಯಿಗಳ ಮೇಲೆಯೇ ಹೊರಿಸಿದನು. ಕಲಿಸತಕ್ಕ ಹೊತ್ತನ್ನು ಸಹ ಹೇಳಿದನು: ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಈ ನಾಲ್ಕು ಹೊತ್ತುಗಳಲ್ಲಿ ಆರಾಧನೆಗೆ ಕೂಡಿಬರುವ ಹೊತ್ತು ಒಂದೂ ಇಲ್ಲವೆಂಬದನ್ನು ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ಬಾಸೆಲ್ ಮಿಶನಿನವರು 1841ರಲ್ಲಿ ಬೆಟಗೇರಿಗೆ ಬಂದು ನೆಲಸಿದರು. ಆ ಕಾಲದಲ್ಲಿ ವಿಶ್ವಾಸಕ್ಕೆ ಬಂದವರು ಅದಕ್ಕೆ ಬೆಲೆ ಕೊಡಬೇಕಾಯಿತು. ಇಂದಿನ ನಮ್ಮ ಮಕ್ಕಳಿಗೋ ಕ್ರೈಸ್ತರೆಂಬ ಹೆಸರು ತೊಟ್ಟಿಲಲ್ಲಿಯೇ ಸಿಕ್ಕುತ್ತದೆ. ಹೆಸರು ಹೀಗೆ ಸಿಕ್ಕಬಹುದು, ವಿಶ್ವಾಸವು ಸಿಕ್ಕಲಾರದು. ಗದಗ-ಬೆಟಗೇರಿಯಂಥ ಪಟ್ಟಣದಲ್ಲಿ ದೇವಾಲಯವೂ ಸಭಾಪಾಲಕರೂ ಆದಿತ್ಯವಾರದ ಶಾಲೆಯೂ ಹತ್ತಿರವೇ ಉಂಟು. ಆದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಯಲ್ಲಿ ಎರಡು ಮೂರು ಮನೆಗಳು ಮಾತ್ರ ನಮ್ಮವಾಗಿದ್ದು ಸಭಾಪಾಲಕರು ಎಂದೋ ಒಮ್ಮೆ ಬಂದುಹೋಗುವದಾದರೆ, ಅಲ್ಲಿಯ ಮಗುವಿಗೆ ಯಾರು ಕಲಿಸಬೇಕು? ಮಳೆ ತಪ್ಪಿದ ವರ್ಷ ತಂದೆತಾಯಿಗಳು ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ಗುಳೆ ಹೋಗುತ್ತಾರೆ, ಮಗುವು ಅಜ್ಜಿಯ ಬಳಿಯಲ್ಲಿ ಉಳಿಯುತ್ತದೆ. ಇಂಥ ಮನೆಯಲ್ಲಿ ಯಾರೂ ಬಾಯಿ ಬಿಡದೆ ಹೋದರೆ ಒಂದೇ ತಲೆಯಲ್ಲಿ ವಿಶ್ವಾಸದ ದೀಪವು ಆರಿಹೋಗುವದು. ಇದು ಬರೀ ಬೆದರಿಕೆಯ ಮಾತಲ್ಲ.

ಆ ಅಜ್ಜಿಯ ವಿಷಯವನ್ನೇ ಮೊದಲು ಹೇಳುವೆವು. ಪೌಲನು ತಿಮೊಥೆಯನ ನಿಷ್ಕಪಟವಾದ ನಂಬಿಕೆಯನ್ನು ನೆನೆಯುವಾಗ ಯಾವ ಬೋಧಕನ ಹೆಸರನ್ನೂ ಎತ್ತುವದಿಲ್ಲ. ಮೊದಲು ಅಜ್ಜಿಯಾದ ಲೋವಿಯನ್ನು, ಆಮೇಲೆ ತಾಯಿಯಾದ ಯೂನೀಕೆಯನ್ನು ಹೆಸರಿಸುತ್ತಾನೆ. ಅಪೊಸ್ತಲರ ಕೃತ್ಯಗಳು 16:1ರಲ್ಲಿ ನೋಡಿದರೆ ತಿಮೊಥೆಯನ ತಂದೆ ಗ್ರೀಕನು. ಅವನು ನಂಬಿದವನೆಂದು ಎಲ್ಲಿಯೂ ಬರೆದಿಲ್ಲ. ಗಂಡಹೆಂಡರಲ್ಲಿ ಒಬ್ಬರು ಮಾತ್ರ ನಂಬಿದ ಮನೆಗಳವರು ಇದನ್ನು ಓದಿ ಧೈರ್ಯ ತಂದುಕೊಳ್ಳಲಿ.

ನಮ್ಮ ಅಜ್ಜಿಯರಲ್ಲಿ ಅನೇಕರಿಗೆ ಅಕ್ಷರ ಬಾರದು ಎಂದು ಕೆಲವರು ಹೇಳಾರು. ಅಡ್ಡಿಯಿಲ್ಲ. ಕನ್ನಡ ಶಾಲೆಯ ಮೂರನೆಯ ನಾಲ್ಕನೆಯ ಇಯತ್ತೆಯಲ್ಲಿರುವ ಮೊಮ್ಮಗಳು ದೀಪ ಹಚ್ಚಿದ ಮೇಲೆ ಮಾರ್ಕನ ಸುವಾರ್ತೆಯಿಂದ ಹತ್ತು ವಚನಗಳನ್ನು ಗಟ್ಟಿಯಾಗಿ ಓದಲಿ, ಅಜ್ಜಿಯು ಕೇಳಿ ಅದರ ತಾತ್ಪರ್ಯವನ್ನು ತನ್ನ ಮಾತಿನಲ್ಲಿ ಹೇಳಲಿ. ಓದುವವಳು ಒಬ್ಬಳು, ತಿಳಿಸುವವಳು ಇನ್ನೊಬ್ಬಳು. ಹೀಗೆ ಹದಿನಾರು ಅಧ್ಯಾಯಗಳು ಮುಗಿಯುವಷ್ಟರಲ್ಲಿ ಇಬ್ಬರೂ ಕರ್ತನ ಚರಿತ್ರೆಯನ್ನು ತಿಳಿದಿರುವರು. ಗುಳೆ ಹೋದ ತಂದೆಯು ಅದೇ ಹೊತ್ತಿಗೆ ಮೊಬೈಲ್ ಫೋನಿನಲ್ಲಿ ಆ ಓದನ್ನು ಕೇಳಿದರೆ ಇನ್ನೂ ಒಳ್ಳೇದು. ಬರೀ ಹಣದ ಮಾತಿಗೆ ಆ ಯಂತ್ರವನ್ನು ಉಪಯೋಗಿಸಬೇಕೆಂದೇನೂ ಇಲ್ಲ.

ಮಾರ್ಟಿನ್ ಲೂಥರನು 1529ರಲ್ಲಿ ಚಿಕ್ಕ ಪ್ರಶ್ನೋತ್ತರವನ್ನು ಬರೆದಾಗ, ಮನೆಯ ಯಜಮಾನನು ಇದನ್ನು ಮನೆಯವರಿಗೆ ಸರಳವಾಗಿ ಕಲಿಸತಕ್ಕದ್ದೆಂದು ಅದರ ಭಾಗಗಳ ತಲೆಯಲ್ಲಿಯೇ ಸೂಚಿಸಿದನು. ಆದಿತ್ಯವಾರದ ಶಾಲೆಗಳೋ ಬಹಳ ತಡವಾಗಿ ಬಂದವು: ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ರಾಬರ್ಟ್ ರೇಕ್ಸನು 1780ರಲ್ಲಿ ವಾರವೆಲ್ಲಾ ದುಡಿಯುವ ಬಡಮಕ್ಕಳಿಗಾಗಿ ಅಂಥದೊಂದನ್ನು ತೆರೆದನು. ಅದು ಒಳ್ಳೇ ಕೆಲಸವೇ. ಆದರೆ ವಾರಕ್ಕೆ 168 ತಾಸುಗಳಿರಲಾಗಿ ಒಂದು ತಾಸನ್ನು ಅಲ್ಲಿ ಒಪ್ಪಿಸಿ ಮಿಕ್ಕದ್ದನ್ನು ಮರೆಯುವ ತಂದೆತಾಯಿಗಳು, ಹೊಲಕ್ಕೆ ವರ್ಷಕ್ಕೊಮ್ಮೆ ಹೋಗುವ ಒಕ್ಕಲಿಗನಿಗೆ ಸಮಾನರು.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ನಡೆಯುತ್ತಿರುವ ಕೆಲಸದೊಳಗೇ ಉಪದೇಶಕ್ಕೆ ಎಡೆಯುಂಟು. ಕರ್ತನು ಹೇಳಿದ ಸಾಮ್ಯಗಳು ನಮ್ಮ ಹೊಲಮನೆಗಳವೇ. ಬಿತ್ತುವವನ ಸಾಮ್ಯವನ್ನು ಮಗನಿಗೆ ಹೊಲಕ್ಕೆ ಹೋಗುವ ದಾರಿಯಲ್ಲಿ ಹೇಳಿರಿ. ಅವನು ಒಂದು ಪ್ರಶ್ನೆ ಕೇಳಿಯೇ ಕೇಳುವನು: ಆ ಮನುಷ್ಯನು ಬೀಜವನ್ನು ದಾರಿಯಲ್ಲಿ ಯಾಕೆ ಕೆಡವಿದನು? ನಮ್ಮವರು ಕೂರಿಗೆಯಿಂದ ಬಿತ್ತುತ್ತಾರೆ, ಕಾಳು ಸಾಲು ಬಿಟ್ಟು ಹೋಗದು. ಯೇಸುವಿನ ದೇಶದಲ್ಲಿ ಕೈಯಿಂದ ಚೆಲ್ಲಿ ಬಿತ್ತುತ್ತಿದ್ದರು, ಆದದರಿಂದ ಕೆಲವು ಕಾಲುದಾರಿಯಲ್ಲಿ ಬೀಳುವವು ಎಂದು ತಿಳಿಸಿದರೆ ಕಥೆಯು ಅವನಿಗೆ ಕಣ್ಣಿಗೆ ಕಟ್ಟುವದು. ಕಪ್ಪತಗುಡ್ಡದ ಮಗ್ಗುಲಿನ ಕಲ್ಲುನೆಲವನ್ನೂ ಎರೆಹೊಲವನ್ನೂ ಬಲ್ಲ ಮಗುವಿಗೆ ಮಣ್ಣಿನ ಭೇದವನ್ನು ಬಿಡಿಸಿ ಹೇಳಬೇಕೆ? ಬೆಟಗೇರಿಯ ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುವದನ್ನು ಕಂಡ ಹುಡುಗಿಗೆ ಯೋಹಾನ 19:23ರಲ್ಲಿ ಹೇಳಿದ ಹೊಲಿಗೆಯಿಲ್ಲದ ಅಂಗಿಯ ಮಾತನ್ನು ಓದಿ ತೋರಿಸಿರಿ. ಮೇಲಿನಿಂದ ಕೆಳಗಿನ ತನಕ ಒಂದೇ ನೇಯ್ಗೆಯಾದದ್ದನ್ನು ಸಿಪಾಯಿಗಳು ಯಾಕೆ ಹರಿಯದೆ ಚೀಟು ಹಾಕಿದರೆಂದು ಅವಳೇ ನಿಮಗೆ ಹೇಳುವಳು.

ಕಾಣಿಕೆಯ ವಿಷಯವಾಗಿಯೂ ಒಂದು ಮಾತು. ದೇವಾಲಯದ ಬಾಗಿಲಲ್ಲಿ ತಂದೆಯು ನಾಣ್ಯವನ್ನು ಕೊಟ್ಟು ಮಗುವಿನ ಕೈಯಿಂದ ಹಾಕಿಸಿದರೆ ಅದು ತಂದೆಯ ಕಾಣಿಕೆಯೇ ಹೊರತು ಮಗುವಿನದಲ್ಲ. ಅದಕ್ಕಿಂತ, ರೊಟ್ಟಿಗೆಂದು ಜೋಳವನ್ನು ಹಸನುಮಾಡುವಾಗಲೆಲ್ಲಾ ಮಗುವೇ ತನ್ನ ಹಿಡಿಯಷ್ಟನ್ನು ಬೇರೊಂದು ಗಡಿಗೆಗೆ ಹಾಕಲಿ; ತಿಂಗಳಾದ ಮೇಲೆ ಸಭೆಗೋ ನೆರೆಯ ಬಡವರಿಗೋ ತಾನೇ ಒಯ್ದು ಕೊಡಲಿ. ಆ ಬಡವರು ನಮ್ಮ ಸಭೆಯವರೇ ಆಗಿರಬೇಕೆಂಬ ನಿಯಮವನ್ನು ಮಾತ್ರ ಕಲಿಸಬೇಡಿರಿ.

ಮನೆಯ ಪ್ರಾರ್ಥನೆ ಚಿಕ್ಕದಾಗಿರಲಿ. ಕೆಲವು ಹಿರಿಯರ ಪ್ರಾರ್ಥನೆ ಆದಾಮನಿಂದ ಹೊರಟು ಪ್ರಕಟನೆಯ ವರೆಗೆ ಹೋಗಿ ಮುಟ್ಟುವಷ್ಟರಲ್ಲಿ ಮಕ್ಕಳು ನಿದ್ದೆಹೋಗಿರುತ್ತಾರೆ. ಕರ್ತನ ಪ್ರಾರ್ಥನೆಯೂ, ಒಬ್ಬೊಬ್ಬ ಮಗುವಿನ ಬಾಯಿಂದ ಒಂದು ಸ್ತೋತ್ರದ ಮಾತೂ ಸಾಕು. ತಪ್ಪು ಮಾಡಿದ ಹುಡುಗನಿಗೆ ಶಿಕ್ಷೆಯಾಗಿ ವಚನಗಳನ್ನು ಬಾಯಿಪಾಠ ಮಾಡಿಸುವ ಪದ್ಧತಿಯು ನಮಗೆ ಒಪ್ಪಿಗೆಯಲ್ಲ. ಅವನು ಸತ್ಯವೇದವನ್ನು ಬೆತ್ತದ ಜೊತೆಗೆ ಇಟ್ಟು ನೆನಸುವನು. ಕುಡಿದು ಬಂದು ಹೆಂಡತಿಯ ಮೇಲೆ ಕೈ ಎತ್ತಿದ ತಂದೆಯು ಮರುದಿನ ಪ್ರಾರ್ಥನೆಗೆ ಮೊಣಕಾಲೂರಿದರೆ ಮಕ್ಕಳು ಯಾವದನ್ನು ನಂಬಬೇಕು? ಅಂಥವನು ಮೊದಲು ಅವರ ಎದುರಿನಲ್ಲಿಯೇ ಹೆಂಡತಿಯ ಕ್ಷಮೆಯನ್ನು ಬೇಡಲಿ, ಕುಡಿತವನ್ನೂ ಬಿಡಲಿ.

ಇನ್ನು ಮಕ್ಕಳ ಪ್ರಶ್ನೆಗಳು. ಯೊರ್ದನಿನಿಂದ ತೆಗೆದ ಹನ್ನೆರಡು ಕಲ್ಲುಗಳನ್ನು ಯೆಹೋಶುವನು ಗಿಲ್ಗಾಲಿನಲ್ಲಿ ನಿಲ್ಲಿಸಿದ್ದು, ಮುಂದಿನ ಮಕ್ಕಳು ಇವು ಏನೆಂದು ಕೇಳಬೇಕೆಂಬ ಉದ್ದೇಶದಿಂದಲೇ. ಆದಕಾರಣ ಪ್ರಶ್ನೆ ಕೇಳಿದ ಮಗುವನ್ನು ಗದರಿಸಬಾರದು. ಊರ ಜಾತ್ರೆಯ ದಿವಸ, ನಾವು ಯಾಕೆ ತೇರಿಗೆ ಕಾಯಿ ಒಡೆಯುವದಿಲ್ಲವೆಂದು ಕೇಳಿದರೆ, ನಾವು ಯಾರನ್ನು ನಂಬಿದ್ದೇವೆ, ಯಾಕೆ ನಂಬಿದ್ದೇವೆ ಎಂಬದನ್ನು ಸಮಾಧಾನದಿಂದ ಹೇಳಿರಿ. ನೆರೆಯವರ ದೇವರನ್ನು ಹಳಿಯುವದನ್ನು ಕಲಿಸಿದರೆ ಮಗುವು ಹಳಿಯುವದನ್ನು ಕಲಿತೀತು, ಕ್ರಿಸ್ತನನ್ನಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆಯೂ ಬರುವದು. ನಾವೆಲ್ಲರೂ ಮಳೆಗಾಗಿ ಪ್ರಾರ್ಥಿಸಿದೆವು, ಮಳೆ ಬರಲಿಲ್ಲ, ಅಪ್ಪ ಗೋವೆಗೆ ಹೋದನು, ದೇವರು ಕೇಳಲಿಲ್ಲವೇ? ನಿನ್ನ ನಂಬಿಕೆ ಸಾಲದಾಯಿತೆಂದು ದಯಮಾಡಿ ಹೇಳಬೇಡಿರಿ. ಕೂಸಿನ ಹೆಗಲಿಗೆ ಬರಗಾಲದ ಹೊರೆಯನ್ನು ಹೊರಿಸುವದು ಕ್ರೂರತನ. ಗೆತ್ಸೇಮನೆ ತೋಟದಲ್ಲಿ ಕರ್ತನು ತಾನೇ ಪಾತ್ರೆಯು ತನ್ನಿಂದ ತೊಲಗಲೆಂದು ಬೇಡಿಕೊಂಡನು, ಅದು ತೊಲಗಲಿಲ್ಲ. ಪೌಲನು ಮೂರು ಸಾರಿ ಬೇಡಿದರೂ ಅವನ ಮುಳ್ಳು ಹೋಗಲಿಲ್ಲ. ಈ ಎರಡು ಸಂಗತಿಗಳನ್ನು ಮಗುವಿಗೆ ಓದಿ ಹೇಳಿ, ಕಾರಣವು ನನಗೂ ತಿಳಿಯದು, ಆದರೆ ನಾಳೆಯೂ ಆತನಿಗೇ ಹೇಳಿಕೊಳ್ಳೋಣ ಎಂದು ತಾಯಿ ಹೇಳಿದರೆ, ಅದು ಸುಳ್ಳುಸಮಾಧಾನಕ್ಕಿಂತ ಹೆಚ್ಚು ಕಾಲ ನಿಲ್ಲುವದು.

ಬರುವ ಆದಿತ್ಯವಾರದಿಂದ ಮನೆಮನೆಗಳಲ್ಲಿ ಓದುವದಕ್ಕೆ ಈ ಭಾಗಗಳನ್ನು ಸೂಚಿಸುತ್ತೇವೆ: ಮೊದಲನೆಯ ಸಂಜೆ 1 ಸಮುವೇಲ 3:1-10, ಆಮೇಲೆ ಕ್ರಮವಾಗಿ ಯೆಹೋಶುವ 4:1-7, ಮಾರ್ಕ 4:1-9, ಮಾರ್ಕ 10:13-16, ಲೂಕ 2:41-52, ಮತ್ತಾಯ 26:36-46, ಶನಿವಾರ ಸಂಜೆ, ಆ ವಾರ ಓದಿದವುಗಳಲ್ಲಿ ಮಕ್ಕಳು ಯಾವದನ್ನು ಕೇಳುತ್ತಾರೋ ಅದನ್ನೇ ಮತ್ತೊಮ್ಮೆ.