ಕೊಲಂಬೊದಿಂದ ಹೊರಟ ಭೂಪ್ರದಕ್ಷಿಣೆ

ನಾನೂ ಹೆಂಡತಿಯೂ ಬೆಂಗಳೂರಿನವರು. ಆದರೆ ನಮ್ಮ ಭೂಪ್ರದಕ್ಷಿಣೆಯ ಟಿಕೆಟ್ ಶುರುವಾದದ್ದು ಕೊಲಂಬೊದಲ್ಲಿ. ಒನ್‌ವರ್ಲ್ಡ್ ವಿಮಾನಯಾನ ಕೂಟದ ಎಕ್ಸ್‌ಪ್ಲೋರರ್ ಟಿಕೆಟ್ಟಿನ ದರ ನಿಂತಿರುವುದು ಎಷ್ಟು ಖಂಡ ಮುಟ್ಟುತ್ತೀರಿ, ಯಾವ ದೇಶದಿಂದ ಹೊರಡುತ್ತೀರಿ ಎಂಬುದರ ಮೇಲೆ. ನೀವು ಯಾವ ಊರಿನವರೆಂದು ಯಾರೂ ಕೇಳುವುದಿಲ್ಲ. ನಾವು ಲೆಕ್ಕ ಹಾಕಿ ನೋಡಿದಾಗ ಕೊಲಂಬೊ ದರವೇ ಅಗ್ಗವಿತ್ತು.

ಆ ವ್ಯತ್ಯಾಸವೆಲ್ಲ ಕೈಗೆ ಸಿಕ್ಕಲಿಲ್ಲ ಅನ್ನಿ. ಹೊರಟ ದೇಶಕ್ಕೇ ಮರಳಬೇಕಾದ್ದರಿಂದ ಬೆಂಗಳೂರು–ಕೊಲಂಬೊ ಹೋಗಿಬರುವ ಖರ್ಚು ಬೇರೆ. ವಿದೇಶಿ ಕರೆನ್ಸಿಯಲ್ಲಿ ಕಟ್ಟಿದ್ದಕ್ಕೆ ನನ್ನ ಕಾರ್ಡ್ ಶೇ 3.5 ಹಿಡಿಯಿತು, ಅದರ ಮೇಲೆ ಜಿಎಸ್‌ಟಿ. ಲಂಡನ್‌ನಲ್ಲಿ 24 ಗಂಟೆ ಮೀರಿ ತಂಗಿ ಹೊರಟರೆ ಬ್ರಿಟನ್ನಿನ ಪ್ರಯಾಣ ತೆರಿಗೆ ಬೀಳುತ್ತದೆ. ನಾದಿನಿಯ ಮನೆಯ ನಾಲ್ಕು ದಿನಕ್ಕಾಗಿ ಅದನ್ನು ಸಂತೋಷದಿಂದಲೇ ಕೊಟ್ಟೆವು. ಹೊರಡುವ ಮುನ್ನ ಕೊಲಂಬೊ ಬಳಿಯ ನೆಗೊಂಬೊದಲ್ಲಿ ಒಂದು ರಾತ್ರಿ ಉಳಿದೆವು. ಆ ಹೋಟೆಲ್ ದುಡ್ಡು ಉಳಿಸಲು ಮಾತ್ರ ಹೋಗಬೇಡಿ. ಬೇರೆ ಟಿಕೆಟ್ಟಿನಲ್ಲಿ ಬಂದ ವಿಮಾನ ತಡವಾಗಿ ಮೊದಲ ಹಾರಾಟ ತಪ್ಪಿತೆಂದರೆ ಮುಂದಿನವೆಲ್ಲ ರದ್ದಾಗುತ್ತವೆ.

ನಿಜವಾದ ಪಾಠ ಕಲಿತದ್ದು ಲಾಸ್ ಏಂಜಲೀಸ್‌ನಲ್ಲಿ. ಟೋಕಿಯೊ ವಿಮಾನದ ದಿನವನ್ನು ಫೋನಿನಲ್ಲೇ ಮುಂದಕ್ಕೆ ಹಾಕಿಸಿದ್ದೆ. ಆರಕ್ಷರದ ಪಿಎನ್‌ಆರ್‌ನಲ್ಲಿ 'ಖಚಿತ' ಎಂದೇ ಇತ್ತು. ಕೌಂಟರಿನಾಕೆ ಪರದೆ ನೋಡಿ, "ಸೀಟಿದೆ, ಟಿಕೆಟ್ ಇಲ್ಲ" ಎಂದಳು. ಕಾಯ್ದಿರಿಸುವುದೇ ಬೇರೆ, ಟಿಕೆಟ್ ಕೊಡುವುದೇ ಬೇರೆ. ಫೋನೆತ್ತಿದವರು ಮೊದಲಿನದನ್ನು ಮಾಡಿ ಎರಡನೆಯದನ್ನು ಬಿಟ್ಟಿದ್ದರು. ಒಂದು ಟಿಕೆಟ್ ಸಂಖ್ಯೆಯಲ್ಲಿ ನಾಲ್ಕೇ ಹಾರಾಟ ಹಿಡಿಸುತ್ತವೆ. ಎಕ್ಸ್‌ಪ್ಲೋರರ್ ಟಿಕೆಟ್ಟಿನಲ್ಲಿ ಪ್ರಯಾಣದ 16 ಭಾಗಗಳವರೆಗೆ ಅವಕಾಶವಿರುವುದರಿಂದ ನಾಲ್ಕರವರೆಗೆ ಸಂಖ್ಯೆಗಳನ್ನು ಒಂದಕ್ಕೊಂದು ಹೆಣೆದಿರುತ್ತಾರೆ. ಒಂದು ಬದಲಾದರೂ ತೆರಿಗೆ ಮತ್ತೆ ಲೆಕ್ಕಹಾಕಿ ಟಿಕೆಟ್ ಹೊಸದಾಗಿ ಕೊಡಬೇಕು. ಅದು ನಿಮಿಷದ ಕೆಲಸವಲ್ಲ. ಹೆಂಡತಿ ಸೂಟ್‌ಕೇಸಿನ ಮೇಲೆ ಕೂತಿದ್ದಳು, ನಾನು ಗಡಿಯಾರ ನೋಡುತ್ತ ನಿಂತಿದ್ದೆ. ಚೆಕ್‌ಇನ್ ಮುಚ್ಚಲು ಹತ್ತು ನಿಮಿಷವಿದ್ದಾಗ ಬೋರ್ಡಿಂಗ್ ಪಾಸ್ ಕೈಗೆ ಬಂತು.

ಟೋಕಿಯೊದಲ್ಲಿ ಕೊಲಂಬೊ ವಿಮಾನದ ದಿನವನ್ನೂ ಬದಲಿಸಬೇಕಾಯಿತು. ಈ ಸಲ ನಲವತ್ತು ನಿಮಿಷ ಫೋನ್ ಕಿವಿಗಿಟ್ಟುಕೊಂಡೇ ಕೂತೆ. ಹದಿಮೂರು ಅಂಕಿಯ ಹೊಸ ಟಿಕೆಟ್ ಸಂಖ್ಯೆಯನ್ನು ಒಂದೊಂದಾಗಿ ಹೇಳಿಸಿ, ಬರೆದುಕೊಂಡು, ತಿರುಗಿ ಓದಿ ಹೇಳಿದ ಮೇಲೆಯೇ ಇಟ್ಟೆ.