ಮರೆವಿಗೆ ವಯಸ್ಸೊಂದೇ ಕಾರಣವೇ?

ಮನೆಯ ಹಿರಿಯರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ 'ವಯಸ್ಸಾಯಿತಲ್ಲ' ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಮರೆವಿಗೆ ವಯಸ್ಸೊಂದೇ ಕಾರಣವಲ್ಲ. ದೇಹದ ಆರೋಗ್ಯಕ್ಕೂ ಮೆದುಳಿನ ಕೆಲಸಕ್ಕೂ ಹತ್ತಿರದ ಸಂಬಂಧವಿದೆ.

ವಾಣಿಜ್ಯ ವಿಭಾಗದವರಿಗೆ ಸವಕಳಿಯ ಪಾಠ ಗೊತ್ತು. ಯಂತ್ರ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಆದರೂ ಒಂದೇ ದಿನ ಕೊಂಡ ಎರಡು ಯಂತ್ರಗಳಲ್ಲಿ ಚೆನ್ನಾಗಿ ನೋಡಿಕೊಂಡದ್ದು ಹೆಚ್ಚು ಕಾಲ ಬಾಳುತ್ತದೆ. ಮೆದುಳಿನ ವಿಷಯವೂ ಬಹುಮಟ್ಟಿಗೆ ಹೀಗೆಯೇ.

ಮೆದುಳಿನ ತೂಕ ದೇಹದ ತೂಕದ ಸುಮಾರು ಶೇ. 2 ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಅದನ್ನು ತಲುಪಿಸುವುದು ರಕ್ತ. ಬಿ.ಪಿ., ಶುಗರ್ ಹಲವು ವರ್ಷ ಹತೋಟಿ ತಪ್ಪಿದರೆ ಮೆದುಳಿನ ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಆಗ ನೆನಪು, ಗಮನ, ಯೋಚನೆಯ ವೇಗ ಎಲ್ಲವೂ ಕುಗ್ಗುತ್ತವೆ.

ನಡಿಗೆಯ ಲಾಭವನ್ನೂ ಅಳೆದು ನೋಡಿದ್ದಾರೆ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 120 ಹಿರಿಯರಿದ್ದರು. ಒಂದು ಗುಂಪು ವಾರಕ್ಕೆ ಮೂರು ದಿನ, 40 ನಿಮಿಷದವರೆಗೆ ಚುರುಕಾಗಿ ನಡೆಯಿತು. ವರ್ಷದ ನಂತರ ಅವರಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ಸುಮಾರು ಶೇ. 2ರಷ್ಟು ದೊಡ್ಡದಾಗಿತ್ತು. ಕೈಕಾಲು ಚಾಚುವ ಹಗುರ ವ್ಯಾಯಾಮ ಮಾಡಿದ ಇನ್ನೊಂದು ಗುಂಪಿನಲ್ಲಿ ಅದು ಕುಗ್ಗಿತ್ತು.

ಕಿವಿಯನ್ನು ನಾವು ಈ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಸರಿಯಾಗಿ ಕೇಳದ ಮಾತು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಕೇಳಿಸದವರು ಕ್ರಮೇಣ ಮಾತು ಕಡಿಮೆ ಮಾಡಿ ಒಂಟಿಯಾಗುತ್ತಾರೆ. 2024ರ ಲ್ಯಾನ್ಸೆಟ್ ಆಯೋಗದ ವರದಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಗೆ ಸಂಬಂಧಿಸಿದ, ತಿದ್ದಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿದೆ. ಬಿ.ಪಿ., ಶುಗರ್, ವ್ಯಾಯಾಮದ ಕೊರತೆಯ ಜೊತೆ ಕಿವಿ, ಕಣ್ಣು ಮಂದವಾಗುವುದೂ ಅದರಲ್ಲಿವೆ. ಇವನ್ನೆಲ್ಲ ಸರಿಪಡಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ವರದಿ ಅಂದಾಜಿಸಿದೆ. ಉಳಿದವು ನಮ್ಮ ಕೈಯಲ್ಲಿಲ್ಲ. ಹಾಗಾಗಿ ಕಾಯಿಲೆ ಬಂದವರನ್ನು ದೂರುವುದು ಸರಿಯಲ್ಲ.

ನಮ್ಮ ರಾಜ್ಯದಲ್ಲೂ ಈ ಕೆಲಸ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದವರ ಆರೋಗ್ಯ ಮತ್ತು ನೆನಪನ್ನು ವರ್ಷಗಟ್ಟಲೆ ಗಮನಿಸುತ್ತಿದೆ.

ನಮ್ಮ ದಾದಿ ಈಚೆಗೆ ನಮಾಝಿನಲ್ಲಿ ಎಷ್ಟನೇ ರಕಅತ್ ಎಂದು ತಡವರಿಸತೊಡಗಿದರು. ಅಬ್ಬಾ ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದರು. ವೈದ್ಯರು ಬಿ.ಪಿ., ಶುಗರ್, ಥೈರಾಯ್ಡ್, ವಿಟಮಿನ್ ಬಿ12 ಪರೀಕ್ಷೆ ಬರೆದುಕೊಟ್ಟರು. ಕಿವಿಯನ್ನೂ ತೋರಿಸಲು ಹೇಳಿದರು. ಬಿ12 ಕಡಿಮೆ ಇತ್ತು. ಈ ಕೊರತೆಯಿಂದ ಬರುವ ಮರೆವು ಚಿಕಿತ್ಸೆಯಿಂದ ಕಡಿಮೆಯಾಗಬಹುದು. ಈಗ ಇಂಜೆಕ್ಷನ್ ನಡೆಯುತ್ತಿದೆ. ಎಷ್ಟು ಗುಣವಾಗುತ್ತದೋ ಕಾದು ನೋಡಬೇಕು.

ವಿದ್ಯಾರ್ಥಿಗಳಾದ ನಾವು ಮಾಡಬಹುದಾದದ್ದು:

1. ಹಿರಿಯರ ಬಿ.ಪಿ., ಶುಗರ್ ರೀಡಿಂಗ್‌ಗಳನ್ನು ಒಂದು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡುವುದು.

2. ಮರೆವು ಹೆಚ್ಚಾದರೆ ತಡಮಾಡದೆ ವೈದ್ಯರಿಗೆ ತೋರಿಸಲು ಮನೆಯಲ್ಲಿ ಹೇಳುವುದು. ಮಾತ್ರೆಗಳನ್ನು ನಾವೇ ನಿಲ್ಲಿಸಬಾರದು, ಬದಲಿಸಬಾರದು.

3. ಟಿ.ವಿ. ಶಬ್ದ ಜಾಸ್ತಿ ಇಡುತ್ತಿದ್ದರೆ ಕಿವಿ ಪರೀಕ್ಷೆ ಮಾಡಿಸುವುದು.

4. ಸಂಜೆ ಅವರ ಜೊತೆ ನಡೆಯುವುದು. ಅಜ್ಜಂದಿರು ಮಸೀದಿಗಾದರೂ ನಡೆದು ಹೋಗುತ್ತಾರೆ. ನಮ್ಮ ಎಷ್ಟೋ ಮನೆಗಳ ಅಜ್ಜಿಯರಿಗೆ ಆ ನಡಿಗೆಯೂ ಇಲ್ಲ. ಅವರನ್ನು ಹೊರಗೆ ಕರೆದೊಯ್ಯಲು ಮೊಮ್ಮಕ್ಕಳೇ ಬೇಕು.